ಹುಡುಗ ಲಿಫ್ಟ್‌ನ್ಯಾಗ ಅದಾನ

ರಾಯಚೂರಿನಲ್ಲಿ ಮೇಲೆ ಹೋಗಲು ಆಗ ಎರಡೇ ದಾರಿಗಳಿದ್ದವು. ಒಂದು, ಕೋಟೆಯ ಗುಡ್ಡ ಹತ್ತುವುದು. ಇನ್ನೊಂದು, ಸಾಯುವುದು. ಎರಡರಲ್ಲೂ ಉಸಿರು ಕಟ್ಟುತ್ತಿತ್ತು, ಎರಡರಲ್ಲೂ ಜತೆಗೆ ಬಂದವರು ಅರ್ಧ ದಾರಿಯಿಂದಲೇ ಮನೆಗೆ ಹೊರಳುತ್ತಿದ್ದರು. ಎಂಬತ್ತರ ದಶಕದ ನಡುವಿನಲ್ಲಿ ಹತ್ತಿ ವ್ಯಾಪಾರದ ಸಾಹುಕಾರನೊಬ್ಬ ಮೂರನೆಯ ದಾರಿಯನ್ನು ತಂದ. ಸ್ಟೇಷನ್ ರಸ್ತೆಯಲ್ಲಿ ಐದು ಅಂತಸ್ತಿನ ಲಾಡ್ಜ್ ಕಟ್ಟಿಸಿ, ಅದರ ನಡುವೆ ತಳದಿಂದ ತಾರಸಿಯವರೆಗೆ ಬಾವಿಯಂಥದೊಂದು ತೂತು ಬಿಡಿಸಿ, ಇಲ್ಲಿ ಲಿಫ್ಟ್ ಬರುತ್ತದೆ ಎಂದು ಊರಿಗೆಲ್ಲ ಸಾರಿದ. ಈ ಸಾಹುಕಾರ ಒಮ್ಮೆ ಹೈದರಾಬಾದಿಗೆ ಹೋಗಿ, ಅಲ್ಲಿನ ಹೋಟೆಲೊಂದರ ಲಿಫ್ಟಿನಲ್ಲಿ ಸಂಜೆಯತನಕ ಹತ್ತಿ ಇಳಿದು ಮಾಡಿ, ಹೋದ ಕೆಲಸವನ್ನೇ ಮರೆತು ಬಂದಿದ್ದನಂತೆ. ಅಂದಿನಿಂದ ಹತ್ತಿದ ಹುಚ್ಚು.

ಆ ಲಿಫ್ಟಿಗೆ ಆಪರೇಟರ್ ಆಗಿ ನೇಮಕವಾದವನು ನನ್ನ ಕಾಕಾ, ಅಪ್ಪನ ತಮ್ಮ. ಲಿಫ್ಟ್ ಇನ್ನೂ ಪೆಟ್ಟಿಗೆಗಳಲ್ಲಿ ತುಂಡುತುಂಡಾಗಿ ಬಿದ್ದಿರುವಾಗಲೇ ಅವನು ಖಾಕಿ ಡ್ರೆಸ್ ಹೊಲಿಸಿಕೊಂಡು, ಹಿತ್ತಾಳೆಯ ಗುಂಡಿಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ, ಆ ತೂತಿನ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟಿದ್ದ. ಕಾಯಲು ಏನೂ ಇಲ್ಲದ ಜಾಗವನ್ನು ಅಷ್ಟು ಗಂಭೀರವಾಗಿ ಕಾಯ್ದವನನ್ನು ನಾನು ಬೇರೆ ಕಂಡಿಲ್ಲ.

ನಕ್ಕರೆ ಅವನಿಗೆ ಸಿಟ್ಟು ಬರುತ್ತಿತ್ತು, ಯಾಕೆಂದರೆ ಆ ಕುರ್ಚಿಯ ಮೇಲೆ ಅವನ ಮದುವೆಯೇ ಕೂತಿತ್ತು. ಮೂವತ್ತು ದಾಟಿದ್ದ. ಊರಾದ ದೇವದುರ್ಗದಲ್ಲಿ ಟೆಂಟ್ ಟಾಕೀಸಿನ ಗೇಟು ಕಾಯ್ದಿದ್ದ, ಹತ್ತಿ ಮಿಲ್ಲಿನಲ್ಲಿ ಅಂಡಿಗೆ ಮೂಟೆ ಹೊತ್ತಿದ್ದ, ಬಸ್‌ಸ್ಟ್ಯಾಂಡಿನಲ್ಲಿ ಸೋಡಾ ಒಡೆದಿದ್ದ. ಪ್ರತಿ ಕೆಲಸಕ್ಕೂ ಒಂದೊಂದು ಊರಿನವರು ಹೆಣ್ಣು ಕೊಡುವುದಿಲ್ಲ ಎಂದಿದ್ದರು. ಟೆಂಟಿನ ಗೇಟಿನವನಿಗೆ ಕೊಟ್ಟರೆ ಗಂಡ ಇಂಟರ್‌ವಲ್‌ನಲ್ಲಿ ಮಾತ್ರ ಸಿಗುತ್ತಾನೆ ಎಂದವರು ಸಿರವಾರದವರು. ಅರಕೇರಾದವರು ಅಷ್ಟು ಮಾತೂ ಖರ್ಚು ಮಾಡಲಿಲ್ಲ, ಚಹಾ ಕೊಟ್ಟು ಬಸ್ಸಿನ ಟೈಮ್ ಹೇಳಿದರು. ಈಗ ಮಾನ್ವಿಯಿಂದೊಂದು ಸಂಬಂಧ ಬಂದಿತ್ತು. ಇದೂ ತಪ್ಪಿದರೆ ಇನ್ನು ನೋಡುವುದು ಬೇಡ ಎಂದು ಕಾಕಾ ತಾನೇ ಹೇಳಿದ್ದ. ಹಾಗೆ ಹೇಳುವಾಗ ಅವನ ದನಿ ಹೇಗೆ ಗಂಟಲಲ್ಲಿ ಸಿಕ್ಕಿಕೊಂಡಿತೆಂಬುದನ್ನು ನಾನು ಎಷ್ಟೋ ಸಲ ಗೆಳೆಯರ ಮುಂದೆ ಮಾಡಿ ತೋರಿಸಿದ್ದೇನೆ. ಚೆನ್ನಾಗಿ ಬರುತ್ತಿತ್ತು.

ನನ್ನ ಕಸುಬೇ ಅದು. ರಾಯಚೂರಿನಲ್ಲಿ ಕಾಕಾನ ಖೋಲಿಯಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದೇನೆಂದು ಮನೆಯವರು ನಂಬಿದ್ದರು. ನಾನು ಓದುತ್ತಿದ್ದದ್ದು ಮಂದಿಯ ದನಿಗಳನ್ನು. ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ ಸೀಟಿ, ಮುನಿಸಿಪಾಲ್ಟಿ ಮೆಂಬರರ ಭಾಷಣ, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಪರೀಕ್ಷೆಯಲ್ಲಿ ಮಾತ್ರ ಸ್ವಂತ ದನಿಯಲ್ಲಿ ಬರೆಯುತ್ತಿದ್ದೆ, ಫೇಲಾಗುತ್ತಿದ್ದೆ.

ಲಿಫ್ಟ್ ಕೂಡಿಸಲು ಹೈದರಾಬಾದಿನಿಂದ ಒಬ್ಬ ಮಿಸ್ತ್ರಿ ಬಂದ. ಬಾಯಿ ತುಂಬ ಪಾನ್, ಕಿವಿಯ ಮೇಲೆ ಪೆನ್ಸಿಲ್, ದಿನಕ್ಕೊಂದು ಸಿನೆಮಾ. ಮ್ಯಾಟಿನಿಯ ಹೊತ್ತಿಗೆ ಸರಿಯಾಗಿ ಅವನ ನಟ್ಟು ಬಿಗಿಯುವ ಪಾನಾ ಎಲ್ಲೋ ಕಳೆದುಹೋಗುತ್ತಿತ್ತು, ಹುಡುಕಲು ಟಾಕೀಸಿಗೆ ಹೋಗುತ್ತಿದ್ದ. ಉಳಿದ ಹೊತ್ತಿನಲ್ಲಿ ಅವನು ಉಗುಳಿದ್ದನ್ನೂ ಹೇಳಿದ್ದನ್ನೂ ಕಾಕಾ ಬಿಡದೆ ಆಯ್ದುಕೊಂಡು, ಸಂಜೆ ಖೋಲಿಗೆ ಬಂದು ನನಗೆ ಪುರಾಣ ಹೇಳುತ್ತಿದ್ದ. ಗೋಡೆಯ ಗೂಟದ ಮೇಲೆ ಹಗ್ಗ ಹಾಯಿಸಿ, ಒಂದು ತುದಿಗೆ ನೀರಿನ ತಂಬಿಗೆ, ಇನ್ನೊಂದು ತುದಿಗೆ ನನ್ನ ಅಕೌಂಟೆನ್ಸಿ ಪುಸ್ತಕ ಕಟ್ಟಿದ. ಜೀವಮಾನದಲ್ಲಿ ಆ ಪುಸ್ತಕ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

"ನೋಡಲೇ, ತಂಬಿಗಿ ಅಂದ್ರ ಮಂದಿ ನಿಂದ್ರೋ ಡಬ್ಬಿ. ಪುಸ್ತಕ ಅಂದ್ರ ಎದುರುತೂಕ. ಇದು ಇಳದ್ರ ಅದು ಏರ್ತದ. ಡಬ್ಬಿ ಅರ್ಧ ತುಂಬಿದ್ರ ಎರಡೂ ಸಮ. ಹಿಂಗಾಗಿ ಮೋಟರಿಗೆ ಭಾಳ ಹೊರಿ ಇಲ್ಲ, ಬರೇ ಹೆಚ್ಚು-ಕಡಿಮಿ ಇದ್ದದ್ದಷ್ಟ ಎಳಿತದ."

"ಡಬ್ಬಿ ಖಾಲಿ ಇದ್ರ?"

"ಪುಸ್ತಕಾನೇ ಭಾರ. ಬಿಟ್ರ ಡಬ್ಬಿ ತಾನಾಗೇ ಮ್ಯಾಲ ಹೋಗ್ತದ."

"ಅಂದ್ರ ತಲ್ಯಾಗ ಏನೂ ಇಲ್ಲದವ್ರೇ ಮ್ಯಾಲ ಹೋಗ್ತಾರನ್ನು. ನಮ್ಮ ಮುನಿಸಿಪಾಲ್ಟಿಯಂಗ."

"ನಿನ್ನ ಬಾಯಿಗೆ ಎದುರುತೂಕ ಯಾವುದೂ ಇಲ್ಲಲೇ," ಎಂದು ಕಾಕಾ ಮುಂದುವರಿಸಿದ. ಬ್ರೇಕಿನ ಮಾತು ಕೇಳಿ ನನಗೂ ಬೆರಗಾಯಿತು. ಕರೆಂಟ್ ಇರುವತನಕ ಅಯಸ್ಕಾಂತವೊಂದು ಬ್ರೇಕನ್ನು ಎಳೆದು ಬಿಡಿಸಿ ಹಿಡಿದಿರುತ್ತದಂತೆ. ಕರೆಂಟ್ ಹೋದರೆ ಅಯಸ್ಕಾಂತ ಸತ್ತು, ಸ್ಪ್ರಿಂಗು ಬ್ರೇಕನ್ನು ಗಾಲಿಗೆ ಒತ್ತುತ್ತದಂತೆ. ಅಂದರೆ ಇಡೀ ರಾಯಚೂರಿನಲ್ಲಿ ಕರೆಂಟ್ ಹೋದಾಗ ಕೆಲಸ ಶುರು ಮಾಡುವ ಏಕೈಕ ವಸ್ತು ಅದು. ಮಿಕ್ಕದ್ದೆಲ್ಲ, ಕಚೇರಿಗಳು, ಹಿಟ್ಟಿನ ಗಿರಣಿ, ನನ್ನ ವಿದ್ಯಾಭ್ಯಾಸ, ಕರೆಂಟ್ ಹೋದೊಡನೆ ಸಂತೋಷದಿಂದ ಮಲಗುತ್ತಿದ್ದವು.

ಎಲ್ಲಕ್ಕಿಂತ ದೊಡ್ಡ ಸಾಮಾನು ಗವರ್ನರ್. ಹೆಸರು ಹಾಗೆಯೇ. ಮೇಲೆ ತಾರಸಿಯ ಕೋಣೆಯಲ್ಲಿ ಕೂರುವ ಒಂದು ಗಾಲಿ. ಡಬ್ಬಿಯ ಓಟದ ಜತೆಗೇ ತಿರುಗುತ್ತಿರುತ್ತದೆ. ಹಗ್ಗ ಹರಿದೋ ಮತ್ತೇನಾಗಿಯೋ ಡಬ್ಬಿ ಹದ್ದು ಮೀರಿ ಓಡಿದರೆ, ಲಂಬಾಣಿ ಹೆಣ್ಣುಮಕ್ಕಳು ಗಿರ್ರನೆ ತಿರುಗಿದಾಗ ಲಂಗ ಅರಳುವ ಹಾಗೆ ಅದರೊಳಗಿನ ಗುಂಡುಗಳು ಅರಳಿ ಹೊರಗೆ ಬಂದು ಹಲ್ಲಿಗೆ ಸಿಕ್ಕಿಕೊಳ್ಳುತ್ತವೆ. ಗಾಲಿ ನಿಲ್ಲುತ್ತದೆ, ಅದರ ಹಗ್ಗ ಎಳೆಯುತ್ತದೆ, ಡಬ್ಬಿಯ ಅಡಿಯಲ್ಲಿರುವ ಉಕ್ಕಿನ ಬೆಣೆಗಳು ಎರಡೂ ಕಡೆಯ ಕಂಬಿಗಳನ್ನು ಕಚ್ಚಿ ಹಿಡಿಯುತ್ತವೆ. ಇಳಿಜಾರಿನಲ್ಲಿ ಚಕ್ಕಡಿಯ ಗಾಲಿಗೆ ಕಲ್ಲು ಕೊಡುತ್ತೇವಲ್ಲ, ಹಾಗೆ. ಎಲ್ಲ ಸಾಮಾನು ಬಂದಿದ್ದರೂ ಆ ಗವರ್ನರಿನ ಪೆಟ್ಟಿಗೆಯೊಂದು ಬಂದಿರಲಿಲ್ಲ. ಸಾಹುಕಾರ, ಒಂದು ಗಾಲಿ ಇಲ್ಲದಿದ್ದರೇನು, ಶುರು ಮಾಡು ಎಂದರೆ, ಮಿಸ್ತ್ರಿ ಪಾನನ್ನು ಒಂದು ಕೆನ್ನೆಗೆ ಸರಿಸಿ ಹೇಳುತ್ತಿದ್ದ: "ಗವರ್ನರ್ ಆಯೇ ಬಗೈರ್ ಚಾಲೂ ಕರನಾ ನಕ್ಕೋ, ಸೇಠ್. ಗವರ್ನರ್ ಆನಾಚ್ ಹೋನಾ."

ಗವರ್ನರ್ ಬಾರದೆ ಚಾಲೂ ಇಲ್ಲ, ಗವರ್ನರ್ ಬರಲೇಬೇಕು ಎಂಬ ಆ ಮಾತನ್ನು ಕಾಕಾ ಹಾಗೆಯೇ ನುಂಗಿಕೊಂಡು, ಅಪ್ಪನನ್ನೂ ನನ್ನನ್ನೂ ಕರೆದುಕೊಂಡು ಮಾನ್ವಿಗೆ ಹೆಣ್ಣು ನೋಡಲು ಹೊರಟ.

ಇಲ್ಲೊಂದು ಸಂಗತಿ ಹೇಳಿಬಿಡಬೇಕು, ಆಗ ನಮಗಾರಿಗೂ ಹೊಳೆಯದೇ ಹೋದದ್ದು. ನಮ್ಮ ಕಡೆ ಹೊಲ ಇದ್ದವರ ಬಾಯಲ್ಲಿ ಲಿಫ್ಟ್ ಎಂದರೆ ಮಂದಿಯನ್ನು ಎತ್ತುವುದಲ್ಲ, ನೀರನ್ನು ಎತ್ತುವುದು. ಹೊಳೆಯಿಂದಲೋ ಕಾಲುವೆಯಿಂದಲೋ ಪಂಪು ಹಚ್ಚಿ ಎತ್ತರದ ಹೊಲಗಳಿಗೆ ನೀರು ಹತ್ತಿಸುವ ಸರ್ಕಾರಿ ಯೋಜನೆ. ಫೈಲುಗಳಲ್ಲಿ ಅದಕ್ಕೆ ಏತ ನೀರಾವರಿ ಎಂಬ ಗಂಭೀರ ಹೆಸರಿತ್ತು, ಹೊಲದಲ್ಲಿ ಮಾತ್ರ ಅದು ಬರೀ ಲಿಫ್ಟ್. ಮಾನ್ವಿಯ ಈ ಬೀಗರ ಹೊಲ ಕಾಲುವೆಗಿಂತ ಎತ್ತರದಲ್ಲಿತ್ತು. ಕೆಳಗಿನ ಹೊಲಗಳಲ್ಲಿ ಭತ್ತ ಹಸಿರಾಗಿ ನಿಂತು ಇವರನ್ನು ಅಣಕಿಸುತ್ತಿತ್ತು. ಲಿಫ್ಟ್ ಬರುತ್ತದೆ, ಲಿಫ್ಟ್ ಬರುತ್ತದೆ ಎಂದು ಎಲೆಕ್ಷನ್ನಿಗೊಮ್ಮೆ ಕೇಳಿ ಕೇಳಿ ಅವರ ಕಿವಿಗಳು ಆ ಶಬ್ದಕ್ಕೇ ಬಾಯಿ ತೆರೆದುಕೊಂಡಿದ್ದವು.

ನಮ್ಮನ್ನು ಚಾಪೆಯ ಮೇಲೆ ಕೂರಿಸಿ, ಒಗ್ಗರಣೆ ಮಂಡಾಳು ಇಟ್ಟು, ಹುಡುಗಿಯ ಅಪ್ಪ ಕೇಳಿದರು: "ಹುಡುಗ ಏನ್ ಮಾಡ್ಕೊಂಡಾನ್ರಿ?"

"ಲಿಫ್ಟ್‌ನ್ಯಾಗ ಅದಾನ್ರಿ," ಎಂದ ನಮ್ಮಪ್ಪ.

ಬೀಗರ ಬೆನ್ನು ನೆಟ್ಟಗಾಯಿತು. "ಲಿಫ್ಟ್‌ನ್ಯಾಗ! ಯಾವುದ್ರಿ, ಹಳೇದಾ?"

"ಹೊಸಾದ್ರಿ, ರಾಯಚೂರಾಗ. ಆಪರೇಟರ್ ಅದಾನ."

"ಏ, ಒಳಗ ಯಾರದೀರಿ, ಮಿರ್ಚಿ ಕರೀರಿ!" ಎಂದು ಕೂಗಿ, ಅವರು ಕಾಕಾನ ಕಡೆ ತಿರುಗಿದರು. "ಚಾಲೂ ಆಗ್ಯದೇನಪಾ?"

"ಇನ್ನಾ ಇಲ್ರಿ. ಎಲ್ಲಾ ಕೂಡ್ಸ್ಯಾದ. ಗವರ್ನರ್ ಬರೋದೊಂದು ಬಾಕಿ ಅದ."

"ಗವರ್ನರ್ರು ಖುದ್ದ ಬರ್ತಾರ?"

"ಬರಾಕೇ ಬೇಕ್ರಿ. ಗವರ್ನರ್ ಇಲ್ಲದಂಗ ಚಾಲೂ ಮಾಡಿದ್ರ ಕೇಸ್ ಆಗ್ತದ."

ಮಿರ್ಚಿ ಬಂದವು. ಅದರ ಹಿಂದೆಯೇ ಹೋಳಿಗೆಯೂ ಬಂತು. "ಮೋಟರ್ ಭಾಳ ದೊಡ್ಡದಿರಬೇಕಲ್ಲ?" ಎಂದರು ಬೀಗರು.

"ಸಣ್ಣದ್ರಿ. ಎದುರುತೂಕ ಇರ್ತದಲ್ರಿ, ಹಿಂಗಾಗಿ ಸಣ್ಣದು ಸಾಕು."

"ಹೊಸಾ ನಮೂನಿ ಇರಬೇಕು. ಎಷ್ಟೆತ್ತರ ಒಯ್ತದಪಾ?"

"ಐದಂತಸ್ತು ಒಯ್ತದ್ರಿ."

"ಹಂಗಾದ್ರ ನಮ್ಮ ಹೊಲಕ್ಕ ಧಾರಾಳ ಆತು!" ಎಂದು ಅವರು ತೊಡೆ ತಟ್ಟಿಕೊಂಡರು.

ಹೊಲ ಎಂಬ ಶಬ್ದ ಕಿವಿಗೆ ಬಿದ್ದದ್ದೇ ನಮ್ಮಪ್ಪನ ಮುಖ ಅರಳಿತು. ಅಳಿಯನಿಗೆ ಹೊಲ ಬರೆದುಕೊಡುವ ಸೂಚನೆ ಇದು ಎಂದು ಅವನು ತಿಳಿದ. ಅಲ್ಲಿ ಅವರು ನೀರಿನ ಆಸೆಯಲ್ಲಿ, ಇಲ್ಲಿ ಇವನು ಮಣ್ಣಿನ ಆಸೆಯಲ್ಲಿ, ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕದ್ದೇ ನಕ್ಕದ್ದು. ನನಗೂ ಏನೂ ಹೊಳೆಯಲಿಲ್ಲ. ನನ್ನಂಥ ಅಣಕದವನಿಗೆ ದನಿ ಕೇಳುತ್ತದೆ, ಮಾತು ಕೇಳುವುದಿಲ್ಲ. ಬೀಗರು "ಲಿಫ್ಟ್" ಎನ್ನುವಾಗ ನಾಲಿಗೆ ಎಲ್ಲಿ ತಾಗುತ್ತದೆ ಎಂದು ನೋಡುವುದರಲ್ಲಿ ನಾನು ಮುಳುಗಿದ್ದೆ.

ಆಗ ಬಾಗಿಲ ಮರೆಯಿಂದ ಹುಡುಗಿ ಕೇಳಿದಳು: "ಮ್ಯಾಲ ಹೋದದ್ದು ಹೊಳ್ಳಿ ಕೆಳಗ ಬರ್ತದೇನ್ರಿ?"

"ಬಟನ್ ಒತ್ತಿದ್ರ ಬರ್ತದ್ರಿ," ಎಂದ ಕಾಕಾ, ಬೆವರುತ್ತ.

"ಗಂಡಸರು ಮಾತಾಡುವಾಗ ನಡುವ ಬಾಯಿ ಹಾಕಬಾರ್ದವಾ," ಎಂದು ಬೀಗರು ಮಗಳನ್ನು ಗದರಿಸಿದರು. ಇಡೀ ಮಧ್ಯಾಹ್ನ ಅಲ್ಲಿ ಕೇಳಿಬಂದ ಒಂದೇ ಒಂದು ಬುದ್ಧಿಯ ಮಾತನ್ನು ಹೀಗೆ ಮುಗಿಸಿದ್ದಾಯಿತು. ಸಕ್ಕರೆ ಹಂಚಿದರು. ಸಂಬಂಧ ಗಟ್ಟಿಯಾಯಿತು.

ಮುಂದೆ ಒಂದು ದಿನ ಗವರ್ನರ್ ಗೂಡ್ಸ್ ಗಾಡಿಯಲ್ಲಿ ಬಂದಿಳಿದ. ಹಮಾಲರಿಬ್ಬರು ಬೈದಾಡುತ್ತ ಹೊತ್ತು ತಂದರು. ಕಾಕಾ ಮಾನ್ವಿಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಲಿ ಹೇಳಿ ಕಳಿಸಿದ: ಗವರ್ನರ್ ಬಂದಾಯಿತು, ಲಿಫ್ಟ್ ಚಾಲೂ ಆಯಿತು, ಬಂದು ನೋಡಿರಿ. ಅದೇ ಕಂಡಕ್ಟರ್ ಮರುದಿನ ಉತ್ತರ ತಂದ. ಬೀಗರಿಗೆ ಮುನಿಸು. ಗವರ್ನರ್ ಬಂದು ಹೋದರೂ ರೇಡಿಯೋದಲ್ಲಿ ಯಾಕೆ ಬರಲಿಲ್ಲ, ತಮಗೆ ಮೊದಲೇ ಯಾಕೆ ತಿಳಿಸಲಿಲ್ಲ, ಹಾರ ತರುತ್ತಿದ್ದೆವಲ್ಲ? ಕಾಕಾ ಇದನ್ನು ಕೇಳಿ ಕರಗಿಹೋದ. "ನೋಡಲೇ, ಒಂದು ಗಾಲಿಗೂ ಹಾರ ಹಾಕ್ತೀವಂತಾರ. ಎಂಥಾ ಭಕ್ತಿ!"

ಲಿಫ್ಟ್ ಶುರುವಾದ ಮೇಲೆ ರಾಯಚೂರು ತನ್ನ ಯೋಗ್ಯತೆಯನ್ನು ತೋರಿಸಿತು. ಮಂದಿ ಚಪ್ಪಲಿಗಳನ್ನು ಕೆಳಗೆ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದರು. ಮೇಲೆ ಹೋಗಿ ಬರಿಗಾಲಲ್ಲಿ ಬಿಸಿ ತಾರಸಿಯ ಮೇಲೆ ಕುಣಿದರು. ಪಿಂಜಾರ ಗಲ್ಲಿಯ ಅಜ್ಜಿಯೊಬ್ಬಳು ಐದು ಅಂತಸ್ತು ಹತ್ತಿ, ಕಾಕಾನ ಕೈಗೆ ನಿಂಬೆಹಣ್ಣು ಕೊಟ್ಟು ಇಳಿದು ಹೋದಳು. ನಾಲ್ಕನೆಯ ಅಂತಸ್ತಿನಲ್ಲಿ ಆಫೀಸು ಮಾಡಿದ್ದ ವಕೀಲರೊಬ್ಬರು ಮಾತ್ರ ಯಾರೊಬ್ಬರು ಒಳಗಿದ್ದರೂ ಹತ್ತುತ್ತಿರಲಿಲ್ಲ. "ಖಾಲಿ ಬರ್ಲಿ," ಎನ್ನುತ್ತಿದ್ದರು. ಹಮಾಲನ ಎದೆಗೆ ಎದೆ ತಾಗಿಸಿ ನಿಲ್ಲುವುದು ಅವರಿಂದಾಗದ ಮಾತು. ಕೋರ್ಟಿನಲ್ಲಿ ಸಮಾನತೆಯ ಬಗ್ಗೆ ಬಹಳ ಚೆನ್ನಾಗಿ ವಾದಿಸುತ್ತಿದ್ದರಂತೆ. ಖಾಲಿ ಲಿಫ್ಟಿಗೆ ಕಾದು ಕಾದು, ಕೊನೆಗೆ ದಿನವೂ ಮೆಟ್ಟಿಲು ಹತ್ತಿದರು. ಅದನ್ನು ನೋಡಲೆಂದೇ ನಾನು ಕಾಲೇಜು ತಪ್ಪಿಸುತ್ತಿದ್ದೆ. ಕಾಕಾ ಮಾತ್ರ ಎಲ್ಲರಿಗೂ ಒಂದೇ ಮಂತ್ರ ಹೇಳುತ್ತಿದ್ದ: "ಕೈ ಒಳಗ ಇಟ್ಕೋರಿ. ಜಾಲರಿ ಪೂರಾ ಎಳೀರಿ. ಕಟ್ ಅನ್ಬೇಕು. ಕಟ್ ಅನ್ನದಂಗ ಲಿಫ್ಟ್ ಹಂದಂಗಿಲ್ಲ." ಬಾಗಿಲಿನ ಜಾಲರಿ ಪೂರ್ತಿ ಕೂಡದಿದ್ದರೆ ಮೋಟರಿಗೆ ಕರೆಂಟೇ ಹೋಗುವುದಿಲ್ಲ ಎಂಬ ಆ ಏರ್ಪಾಡಿನ ಬಗ್ಗೆ ಅವನಿಗೆ ತಾನೇ ಹಡೆದಷ್ಟು ಅಭಿಮಾನ.

ಒಂದು ಮಧ್ಯಾಹ್ನ ಮಾನ್ವಿಯವರು ಬಂದೇಬಿಟ್ಟರು. ಮದುವೆಯ ಜವಳಿ ತೆಗೆಯಲು ಬಂದಿದ್ದರು, ಬೀಗರು, ಬೀಗತಿ ಮತ್ತು ಹುಡುಗಿ. ಲಿಫ್ಟ್ ನೋಡಬೇಕು, ಹೊಳೆಯ ಕಡೆ ಟಾಂಗಾ ಹೊಡಿ ಎಂದರೆ ಟಾಂಗಾದವನು ಲಿಫ್ಟ್ ಇರುವುದು ಸ್ಟೇಷನ್ ರಸ್ತೆಯಲ್ಲಿ ಎಂದು ಇಲ್ಲಿ ತಂದು ಇಳಿಸಿದ್ದ. ಕಾಕಾ ಎದ್ದು ಸಲಾಮು ಹೊಡೆದ. ಹಿತ್ತಾಳೆ ಗುಂಡಿಗಳು ಮಿಂಚಿದವು.

ಬೀಗರು ಡಬ್ಬಿಯನ್ನು ನೋಡಿದರು. ಡಬ್ಬಿಯ ಹಿಂದೆ ಬಾಗಿ ನೋಡಿದರು. "ನೀರೆಲ್ಲಿ?" ಎಂದರು.

"ತರಿಸ್ಲೇನ್ರಿ ಮಾವಾರ? ತಣ್ಣಂದು ಬೇಕಾ?"

"ಕುಡಿಯೋ ನೀರಲ್ಲಪಾ! ಲಿಫ್ಟಿನ ನೀರು! ಪಂಪೆಲ್ಲಿ? ಕಾಲುವಿ ಎಲ್ಲಿ?"

ಕಾಕಾ ನನ್ನನ್ನು ನೋಡಿದ. ನಾನು ಗೋಡೆಯನ್ನು ನೋಡಿದೆ. ಆ ಕ್ಷಣದಲ್ಲಿ ಮಾನ್ವಿಯ ಚಾಪೆ, ಮಿರ್ಚಿ, ಹೋಳಿಗೆ, ತೊಡೆ ತಟ್ಟಿದ ಸದ್ದು ಎಲ್ಲ ಒಟ್ಟಿಗೆ ಬಂದು ನನ್ನ ತಲೆಗೆ ಬಡಿದವು. ನನ್ನ ಹೊಟ್ಟೆಯಲ್ಲಿ ನಗು ಎದ್ದಿತು. ಕಾಕಾನ ಮುಖ ಕಂಡು ಅಲ್ಲೇ ಕೂತಿತು.

"ಡಬ್ಬಿ ಎಳ್ಯಾವ್ಗ ನನ್ನ ಮಗಳನ್ನ ಕೊಡ್ಲೇನು?" ಬೀಗರ ದನಿ ಏರಿತು. "ಊರಾಗ ಎಲ್ಲಾರಿಗೂ ಹೇಳೀನಿ, ಅಳಿಯ ಲಿಫ್ಟ್‌ನ್ಯಾಗ ಅದಾನ, ನೀರ್ ಬಂದಂಗ ತಿಳ್ಕೋರಿ ಅಂತ. ದಿನಾ ಮ್ಯಾಲ ಹೋಗಾವ್ಗ ಯಾರರ ಹೆಣ್ಣು ಕೊಡ್ತಾರೇನಲೇ?"

"ಬಿಡ್ತು ಅನ್ರಿ," ಎಂದಳು ಬೀಗತಿ.

ಅಷ್ಟರಲ್ಲಿ ಸಾಹುಕಾರ ಒಳಗಿನಿಂದ ಬಂದ. ಬೀಗರ ಹತ್ತಿಯನ್ನು ವರ್ಷವೂ ಗಂಜ್ ಮಾರ್ಕೆಟ್ಟಿನಲ್ಲಿ ಕೊಳ್ಳುವವನು ಅವನೇ. ಅವನ ಉಂಗುರಗಳು ಕಂಡದ್ದೇ ಬೀಗರ ಸಿಟ್ಟು ಚಪ್ಪಲಿಯ ಹಾಗೆ ಹೊಸ್ತಿಲ ಹೊರಗೆ ಕಳಚಿಕೊಂಡಿತು. "ನಮ್ಮ ಆಪರೇಟರನ ಬೀಗರೇನು? ಮತ್ತ ನಿಂತೀರ್ಯಾಕ? ಹತ್ರಿ, ತಾರಸಿಗೆ ಹೋಗಿ ಊರು ನೋಡಿ ಬರ್ರಿ," ಎಂದು ಅವನು ಬೆನ್ನು ತಟ್ಟಿದ. "ಹೂಂ ಧಣೇರ, ಹತ್ತಿದ್ವಿ ಧಣೇರ," ಎಂದು ಬೀಗರು ಹಲ್ಲು ಕಿರಿದು ಹತ್ತಿಯೇಬಿಟ್ಟರು. ಹುಡುಗಿ ಅವರಿಗಿಂತ ಮೊದಲೇ ಹತ್ತಿದ್ದಳು. ಬೀಗತಿ ಕೆಳಗೇ ಕೂತಳು. ನಾಲ್ಕನೆಯವನಾಗಿ ನಾನು ನುಗ್ಗಿದೆ. ತಮಾಷೆ ತಪ್ಪಿಸಿಕೊಳ್ಳುವವನೇ ಅಲ್ಲ ನಾನು.

ಜಾಲರಿ ಕಟ್ ಎಂದಿತು. ಲಿಫ್ಟ್ ಏರಿತು. ಎರಡನೆಯ ಅಂತಸ್ತು ದಾಟಿ ಮೂರನೆಯದು ಇನ್ನೂ ಸಿಗದಿರುವಾಗ ಕರೆಂಟ್ ಹೋಯಿತು.

ಡಬ್ಬಿ ಠಕ್ಕೆಂದು ನಿಂತಿತು. ಮುಂದೆ ಬರೀ ಇಟ್ಟಂಗಿಯ ಗೋಡೆ. ತಲೆಯ ಮಟ್ಟಕ್ಕೆ ಮೂರನೆಯ ಅಂತಸ್ತಿನ ನೆಲ, ಅಲ್ಲಿಂದ ಒಂದಿಷ್ಟು ಬೆಳಕು. ಸಾಹುಕಾರನಿಲ್ಲದ್ದರಿಂದ ಬೀಗರ ಸಿಟ್ಟು ಮರಳಿ ಬಂತು, ಅದರ ಜತೆಗೆ ಹೆದರಿಕೆಯೂ.

"ಏನಾತಲೇ?"

"ಕರೆಂಟ್ ಹೋಗ್ಯದ್ರಿ ಮಾವಾರ. ಬ್ರೇಕ್ ಹಿಡದದ. ಹಿಂಗ ನಿಂತ್ರ ಛಲೋನೇ ಅದು."

"ಹಗ್ಗ ಹರಿದ್ರ?"

"ಒಂದಲ್ರಿ, ನಾಕದಾವ. ಒಂದೇ ಉಳದ್ರೂ ತಡಿತದ."

"ನಾಕೂ ಹರಿದ್ರಲೇ?"

"ಗವರ್ನರ್ ಹಿಡಿತದ್ರಿ."

"ಬಂದು ಹ್ವಾದ್ರಂದೆಲ್ಲ? ಈಗ ಎಲ್ಲಿಂದ ಹಿಡಿತಾರ?"

"ಇಲ್ಲೇ ಅದ್ರಿ, ನಮ್ಮ ತಲಿ ಮ್ಯಾಲ. ಗಾಲಿ ಅದು."

ಬೀಗರು ಮೇಲೆ ನೋಡಿದರು, ಕಾಕಾನನ್ನು ನೋಡಿದರು. "ಗವರ್ನರ್ ಅಂದ್ರ... ಗಾಲಿ?" ಅವರ ದನಿಯಲ್ಲಿ ಸಿಟ್ಟಿಗಿಂತ ದುಃಖವೇ ಹೆಚ್ಚಾಗಿತ್ತು. ನೀರೂ ಹೋಯಿತು, ರಾಜ್ಯಪಾಲರೂ ಹೋದರು.

ಆಗ ನಾನು ರೇಡಿಯೋದ ದನಿ ತೆಗೆದೆ: "ಮಾನ್ವಿ ತಾಲೂಕಿನ ಮಹಾಜನರೇ, ನಾನು ಗವರ್ನರ್ ಮಾತನಾಡುತ್ತಿದ್ದೇನೆ. ನೀವು ಬೀಳದಂತೆ ಸರ್ಕಾರವು ಎಲ್ಲ ಕ್ರಮಗಳನ್ನು..." ಹುಡುಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಬಾಯಿ ಮುಚ್ಚಲೇ ಕ್ವಾಣ!" ಎಂದರು ಬೀಗರು. ನಾನು ಧೈರ್ಯವಂತನೆಂದು ಯಾರೂ ತಿಳಿಯಬಾರದು. ನನ್ನ ಸ್ವಂತ ದನಿ ಹೊರಗೆ ಬರಲು ಒಪ್ಪದ್ದರಿಂದ ಗವರ್ನರನದನ್ನು ಕರೆಸಿದ್ದೆ.

"ನಾ ಇಲ್ಲಿ ನಿಂದ್ರಂಗಿಲ್ಲ," ಎಂದು ಬೀಗರು ಧೋತರ ಎತ್ತಿ ಕಟ್ಟಿದರು. ಜಾಲರಿಯನ್ನು ಸರಕ್ಕನೆ ಸರಿಸಿ, ಮೂರನೆಯ ಅಂತಸ್ತಿನ ನೆಲದ ಅಂಚಿಗೆ ಎರಡೂ ಕೈ ಹಾಕಿದರು. ಜಿಗಿದು ಹತ್ತಿ, ಅಲ್ಲಿನ ಬಾಗಿಲನ್ನು ಗುದ್ದಿ ತೆಗೆಸುವ ವಿಚಾರ.

ಸೋಡಾ ಒಡೆಯುವಾಗಲೂ ಗಿರಾಕಿಯ ಕ್ಷಮೆ ಕೇಳುತ್ತಿದ್ದ ನನ್ನ ಕಾಕಾ ಅವರ ಸೊಂಟಕ್ಕೆ ಕೈ ಹಾಕಿ ಒಳಗೆಳೆದು, ಡಬ್ಬಿಯ ಮೂಲೆಗೆ ಒತ್ತಿ ನಿಲ್ಲಿಸಿದ. ಜಾಲರಿ ಎಳೆದ. ಕಟ್ ಎಂದಿತು.

"ಕೈ ತಗೀರಿ! ಹಗ್ಗ ಹರಿದು ಯಾರೂ ಸಾಯಂಗಿಲ್ಲ. ಹಿಂಗ ಹತ್ತಾಕ ಹೋಗಿ ಸಾಯ್ತಾರ. ಅರ್ಧ ಮೈ ಅಲ್ಲಿ, ಅರ್ಧ ಇಲ್ಲಿ ಇದ್ದಾಗ ಮ್ಯಾಲಿನವ್ರು ಗಾಲಿ ತಿರುವಿ ಡಬ್ಬಿ ಹಂದಿತಂದ್ರ ಎರಡು ತುಂಡು. ಕಾಲು ಜಾರಿತಂದ್ರ ಕೆಳಗ ಬಾವಿ. ಮಗಳನ್ನ ಕೊಡ್ರಿ, ಬಿಡ್ರಿ, ಅದು ಕೆಳಗ ಇಳದ ಮ್ಯಾಲಿನ ಮಾತು. ಈ ಡಬ್ಬ್ಯಾಗ ಇರೂಮಟ ನಾ ಹೇಳಿದಂಗ ಕೇಳ್ಬೇಕು!"

ಬೀಗರು ಎತ್ತಿ ಕಟ್ಟಿದ್ದ ಧೋತರ ಇಳಿಬಿಟ್ಟರು. ಆ ದನಿಯನ್ನು ಆಮೇಲೆ ಎಷ್ಟು ಸಲ ಪ್ರಯತ್ನಿಸಿದರೂ ನನಗೆ ತೆಗೆಯಲಾಗಲಿಲ್ಲ. ಕಾಕಾನ ಹೆದರಿದ ದನಿ ಎಷ್ಟು ಬೇಕಾದರೂ ಬರುತ್ತದೆ, ಇದು ಬರುವುದಿಲ್ಲ.

ಮಿಸ್ತ್ರಿ ಎಲ್ಲಿದ್ದ? ತಾರಸಿಯ ಕೋಣೆಯ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಮ್ಯಾಟಿನಿಯಲ್ಲಿದ್ದ. ಸಾಹುಕಾರ ಆಳು ಕಳಿಸಿ, ಕರೆಂಟ್ ಹೋಗಿ ಕತ್ತಲಾದ ಟಾಕೀಸಿನಲ್ಲಿ ಅವನ ಪಾನಿನ ವಾಸನೆ ಹಿಡಿದು ಹುಡುಕಿಸಿ ಎಬ್ಬಿಸಿ ತರಿಸಿದ. ಮೇಲಿನಿಂದ ಅವನ ದನಿ ಬಂತು: "ಕಿತ್ತೆ ಲೋಗಾಂ ಹೈ ರೇ?"

"ನಾಕು ಮಂದಿ!" ಎಂದು ಕೂಗಿದ ಕಾಕಾ. ನಮ್ಮ ಕಡೆ ತಿರುಗಿ, "ಹತ್ತು ಮಂದಿ ಹಿಡಿಯೋ ಡಬ್ಬಿ. ನಾವು ಹಗುರ ಇದ್ದೀವಿ, ಎದುರುತೂಕ ಭಾರ ಅದ. ಈಗ ಬ್ರೇಕ್ ಸಡ್ಲ ಮಾಡಿ ಕೈಲೆ ಗಾಲಿ ತಿರುವ್ತಾನ. ಮ್ಯಾಲ ಹೋಗ್ತೀವಿ," ಎಂದ.

"ಕೆಳಗ ಇಳಸಂದ್ರ ಮ್ಯಾಲ ಒಯ್ತಾರಲ್ಲೋ," ಎಂದು ಬೀಗರು ಗೊಣಗಿದರು, ಆದರೆ ಕೈಗಳನ್ನು ಒಳಗೇ ಇಟ್ಟುಕೊಂಡರು. ಡಬ್ಬಿ ಗಕ್ಕು ಗಕ್ಕೆಂದು ತುಸುತುಸುವೇ ಏರಿ ಮೂರನೆಯ ಅಂತಸ್ತಿಗೆ ಸಮನಾಗಿ ನಿಂತಿತು. ಬಾಗಿಲು ತೆರೆಯಿತು. ಬೀಗರು ನೆಲವನ್ನು ಕಾಲಿನಿಂದ ಒತ್ತಿ ಪರೀಕ್ಷಿಸಿ ಹೊರಗೆ ಬಂದರು.

"ಈ ಸಂಬಂಧ ಬ್ಯಾಡ," ಎಂದರು. "ನಡಿಯವಾ ಊರಿಗೆ."

ಹುಡುಗಿ ಕದಲಲಿಲ್ಲ. "ಯಪ್ಪಾ, ಊರಾಗ ಏನಂತ ಹೇಳ್ತಿ?"

"ಲಿಫ್ಟ್ ಸುಳ್ಳಿತ್ತಂತ ಹೇಳ್ತೀನಿ."

"ಯಾರು ಸುಳ್ಳು ಹೇಳಿದ್ರು? ಲಿಫ್ಟ್‌ನ್ಯಾಗ ಅದಾನಂದ್ರು, ಅದಾರ. ನೀರದ ಅಂತ ಅವ್ರಂದಿಲ್ಲ, ನೀ ಅಂದಿ, ಊರತುಂಬ. ನೀರು ಲಿಫ್ಟೋ, ಡಬ್ಬಿ ಲಿಫ್ಟೋ ಗೊತ್ತಾಗಲಾರ್ದಂಗ ಹೋಳಿಗಿ ಮಾಡಿಸಿ ಹಾಕಿದ ಅಂತ ನಾಳೆ ಕಟ್ಟಿ ಮ್ಯಾಲ ಕುಂತು ನಿನ್ನೇ ನಗ್ತಾರ."

"ನಿನಗ ಗೊತ್ತಿತ್ತೇನು?"

"ಅವತ್ತೇ ಗೊತ್ತಾತು. ಹೊಲಕ್ಕ ಹೋದ ನೀರು ಬಟನ್ ಒತ್ತಿದ್ರ ಹೊಳ್ಳಿ ಬರ್ತದೇನು?"

"ಮತ್ತ ಹೇಳ್ಬಾರದಾ?"

"ಬಾಯಿ ಹಾಕಬ್ಯಾಡ ಅಂದೆಲ್ಲ." ಅವಳು ಕಾಕಾನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಸುಮ್ಮನಿದ್ದದ್ದೇ ಛಲೋ ಆತು."

ಬೀಗರು ಗೋಡೆಗೆ ಒರಗಿದರು. ಅವರ ಒಳಗೂ ಒಂದು ಎದುರುತೂಕ ಏರಿಳಿಯುತ್ತಿದ್ದದ್ದು ಮುಖದ ಮೇಲೆ ಕಾಣುತ್ತಿತ್ತು: ಈ ಕಡೆ ಡಬ್ಬಿ ಎಳೆಯುವ ಅಳಿಯ, ಆ ಕಡೆ ಮಾನ್ವಿಯ ಕಟ್ಟೆಯ ನಗು. ಮಗಳ ಸುಖ ಎಂಬುದು ಯಾವ ಕಡೆಯೂ ಇದ್ದಂತೆ ನನಗೆ ಕಾಣಲಿಲ್ಲ. ಕರೆಂಟ್ ಬಂತು. ಲಿಫ್ಟಿನ ದೀಪ ಹತ್ತಿತು.

"ಲಿಫ್ಟ್ ಸುಳ್ಳೆಲ್ಲಿ?" ಎಂದರು ಬೀಗರು ಕೊನೆಗೆ, ಗಂಟಲು ಸರಿಮಾಡಿಕೊಂಡು. "ಇಲ್ಲೇ ಅದ. ಕಣ್ಣಾರೆ ನೋಡೀನಿ. ನಾ ಮೆಟ್ಲ ಇಳದು ಬರ್ತೀನಿ." ಹುಡುಗಿ ಲಿಫ್ಟಿನೊಳಕ್ಕೆ ಹೋಗಿ, ಕಾಕಾ ಕೈ ಚಾಚುವ ಮೊದಲೇ ಜಾಲರಿಯನ್ನು ಪೂರಾ ಎಳೆದಳು. ಕಟ್ ಎಂದಿತು. ನನ್ನನ್ನು ಹೊರಗೇ ಬಿಟ್ಟು ಇಬ್ಬರೂ ಇಳಿದುಹೋದರು. ನಾನು ಬೀಗರ ಹಿಂದೆ ಮೆಟ್ಟಿಲು ಇಳಿದೆ, ಅವರ ಏದುಸಿರನ್ನು ಅಭ್ಯಾಸ ಮಾಡುತ್ತ.

ಮದುವೆ ಮಾನ್ವಿಯಲ್ಲೇ ಆಯಿತು. ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಮುಂದೆ 'ಲಿಫ್ಟ್ ಆಪರೇಟರ್, ರಾಯಚೂರು' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಒಂದಕ್ಷರವೂ ಸುಳ್ಳಲ್ಲ. ಬೀಗರು ಪೇಟಾ ಸುತ್ತಿಕೊಂಡು, ಗವರ್ನರ್ ಇಲ್ಲದೆ ಅಳಿಯನ ಲಿಫ್ಟ್ ಒಂದು ಹೆಜ್ಜೆಯೂ ಹಂದುವುದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅದೂ ಸುಳ್ಳಲ್ಲ. ನಮ್ಮಪ್ಪ ಮಾತ್ರ ಬರಲಾರದ ಹೊಲದ ದಾರಿ ನೋಡುತ್ತ ಕಂಬಕ್ಕೆ ಒರಗಿದ್ದ.

ಅಕ್ಷತೆ ಬಿದ್ದ ಮೇಲೆ ಎತ್ತರದ ಹೊಲದವರೆಲ್ಲ ಒಟ್ಟಾಗಿ ಬಂದು ಕಾಕಾನ ಮುಂದೆ ಕೈ ಮುಗಿದು ನಿಂತರು. ಅವರಲ್ಲಿ ಹಿರಿಯನೊಬ್ಬ ಮುಂದೆ ಬಂದ. "ಸಾಹೇಬ್ರ, ನಮ್ಮ ಕಡಿಗೂ ಸ್ವಲ್ಪ ನೋಡ್ರಿ. ನೀರು ಹತ್ತವಲ್ದು."

ಕಾಕಾ ಬೀಗರನ್ನು ನೋಡಿದ. ಬೀಗರು ತುರ್ತಾಗಿ ಪೇಟಾ ಸರಿಮಾಡಿಕೊಂಡರು. ಪಕ್ಕದಲ್ಲಿ ಬಾಸಿಂಗದ ಒಳಗೆ ಹುಡುಗಿ ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ನನ್ನ ಕಾಕಾ, ದೇವರಾಣೆಗೂ ನನ್ನ ದನಿಯಲ್ಲಲ್ಲ, ತನ್ನದೇ ದನಿಯಲ್ಲಿ, ನಿಜವಾದ ಸರ್ಕಾರಿ ಮನುಷ್ಯನ ಹಾಗೆ ತಲೆ ತೂಗಿ ಹೇಳಿದ:

"ಆತ್ರಿ. ನಾ ಮ್ಯಾಲ ಹ್ವಾದಾಗ ಹೇಳ್ತೀನಿ."

ರಜೆ ಮುಗಿಸಿ ಡ್ಯೂಟಿಗೆ ಬಂದ ದಿನ ಅವನು ಐದನೆಯ ಅಂತಸ್ತಿನವರೆಗೆ ಖಾಲಿ ಲಿಫ್ಟ್ ಒಯ್ದು, ಜಾಲರಿ ತೆಗೆದು, ಯಾರೂ ಇಲ್ಲದ ತಾರಸಿಯ ಕಡೆ ಮುಖ ಮಾಡಿ, "ಮಾನ್ವಿ ಕಡೆ ನೀರು ಹತ್ತವಲ್ದಂತ ನೋಡ್ರಿ," ಎಂದು ಹೇಳಿ ಇಳಿದು ಬಂದ. ಕೊಟ್ಟ ಮಾತು ಉಳಿಸಿಕೊಳ್ಳಬೇಕಲ್ಲ ಎಂದ. ಆ ಹೊಲಗಳ ನೀರಿಗಾಗಿ ಯಾರಾದರೂ ಅಷ್ಟು ಮೇಲಿನವರೆಗೆ ಹೋಗಿ ಮಾತಾಡಿದ್ದು, ನನಗೆ ತಿಳಿದ ಮಟ್ಟಿಗೆ, ಅದೇ ಮೊದಲು.